ಅರಣ್ಯ, ಸಫಾರಿ, ಚಾರಣ: ಕಾನೂನು ಯಾವುದು, ಹಣ ಎಲ್ಲಿಂದ?

ಅಭ್ಯರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿ: ಅರಣ್ಯ ಈಗ ರಾಜ್ಯಪಟ್ಟಿಯಲ್ಲಿಲ್ಲ. 1976ರ 42ನೇ ತಿದ್ದುಪಡಿ ಅರಣ್ಯವನ್ನೂ ವನ್ಯಜೀವಿ ರಕ್ಷಣೆಯನ್ನೂ ಸಮವರ್ತಿ ಪಟ್ಟಿಗೆ ಸೇರಿಸಿತು. ನಮ್ಮ ಕಾಡುಗಳಲ್ಲಿ ಕರ್ನಾಟಕ ಅರಣ್ಯ ಕಾಯ್ದೆ, 1963ರ ಜೊತೆಗೆ ಕೇಂದ್ರದ ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972 ಕೂಡ ಜಾರಿಯಲ್ಲಿದೆ.

ಹಣದ ವಿಷಯಕ್ಕೆ ಬರೋಣ. ಅರಣ್ಯಭೂಮಿಯನ್ನು ರಸ್ತೆಗೋ ಗಣಿಗೋ ಪಡೆದವರು ಕಟ್ಟುವ ಪರಿಹಾರದ ಹಣಕ್ಕೆ 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆ ಇದೆ, ಬಾಯಿಮಾತಿನಲ್ಲಿ ‘ಕ್ಯಾಂಪಾ’. ಶೇ. 90 ರಾಜ್ಯ ನಿಧಿಗೆ, ಶೇ. 10 ರಾಷ್ಟ್ರೀಯ ನಿಧಿಗೆ. ಪ್ರಶ್ನೆಪತ್ರಿಕೆಯಲ್ಲಿ ಇದನ್ನು ಅದಲು ಬದಲು ಮಾಡಿ ಕೇಳಿದರೆ ಬೆಚ್ಚಬೇಡಿ.

ಬಂಡೀಪುರದ ಪ್ರವೇಶ ಶುಲ್ಕದ ಚೀಟಿ ಕೈಗೆ ಬಂದಾಗ ಆ ಹಣ ಎಲ್ಲಿ ಹೋಗುತ್ತದೆಂದು ಯೋಚಿಸಿದವರು ಕಡಿಮೆ. ವನ್ಯಜೀವಿ ಕಾಯ್ದೆಗೆ 2006ರಲ್ಲಿ ಸೇರಿದ 38ಎಕ್ಸ್ ಕಲಮಿನಂತೆ ಹುಲಿ ಸಂರಕ್ಷಣಾ ಪ್ರತಿಷ್ಠಾನಗಳು ಅದನ್ನು ಅದೇ ಕಾಡಿನ ನಿರ್ವಹಣೆಗೆ ಮರಳಿ ಬಳಸಬಹುದು. ರಾಜ್ಯದ ಹುಲಿ ಮೀಸಲುಗಳು ಐದು: ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗ. ಕಬಿನಿಯಲ್ಲಿ ಸಫಾರಿ ನಡೆಸುವ ಜಂಗಲ್ ಲಾಡ್ಜಸ್ ರಾಜ್ಯ ಸರ್ಕಾರದ ಉದ್ಯಮ, ಸ್ಥಾಪನೆ 1980.

ಪ್ರಚಲಿತಕ್ಕೆ: 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಆನ್‌ಲೈನ್ ಟಿಕೆಟ್ ವ್ಯವಸ್ಥೆ ಇಲ್ಲದ ಚಾರಣಗಳನ್ನು ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಿದ್ದು ಆ ನೂಕುನುಗ್ಗಲಿನ ನಂತರವೇ.