ಜಾತ್ರೆಯ ಅಂಗಡಿಗೆ ನಮ್ಮದೇ ಚಿತ್ರ



ಸುಗ್ಗಿ ಮುಗಿದು ಜಾತ್ರೆಗಳು ಆರಂಭವಾದೊಡನೆ ತೇರಿನ ಬೀದಿಯ ಎರಡೂ ಬದಿಗೆ ಅಂಗಡಿಗಳು ಸಾಲುಗಟ್ಟುತ್ತವೆ. ಕೈಚೀಲ, ಬೀಗದ ಕೈ ಗೊಂಚಲು, ಮಕ್ಕಳ ಗೊಂಬೆ, ಗೋಡೆಗೆ ತೂಗುಹಾಕುವ ಪಟ, ಎಲ್ಲದರ ಮೇಲೂ ಜನ ಮೆಚ್ಚಿದ ಯಾರಾದರೊಬ್ಬರ ಚಿತ್ರವಿರುತ್ತದೆ. ಒಂದು ಕಡೆ ಸಂಗೊಳ್ಳಿ ರಾಯಣ್ಣ, ಪಕ್ಕದಲ್ಲಿ ಸಿನಿಮಾ ನಟ, ಅದರಾಚೆ ಟಿ.ವಿ.ಯ ಛೋಟಾ ಭೀಮ. ಕೊಳ್ಳುವವರು ನಮ್ಮವರೇ. ಮಾಡಿ ಕಳುಹಿಸುವವರು ಮಾತ್ರ ದೂರದ ಪಟ್ಟಣದವರು. ಆ ಹಣದಲ್ಲಿ ಸ್ವಲ್ಪವಾದರೂ ಊರಿನಲ್ಲಿ ಉಳಿಯಬೇಡವೆ? ಹೊಲಿಗೆ ಯಂತ್ರವಿರುವ ಮನೆ, ಕಸೂತಿ ಬಲ್ಲ ಅಜ್ಜಿ, ಬಡಗಿ, ಚೆನ್ನಾಗಿ ಚಿತ್ರ ಬರೆಯುವ ಶಾಲೆಯ ಹುಡುಗಿ, ಇವರೆಲ್ಲ ನಿಮ್ಮ ಊರಿನಲ್ಲಿಯೂ ಇದ್ದಾರೆ.

ಸ್ತ್ರೀಶಕ್ತಿ ಸಂಘದವರೋ ಯುವಕರೋ ಈ ಕೆಲಸಕ್ಕೆ ಕೈಹಾಕಿದಾಗ ಮೊದಲು ಮಾಡುವುದೇನು? ಫೋನಿನಲ್ಲಿ ಸಿಕ್ಕ ಚಿತ್ರವೊಂದನ್ನು ತೆಗೆದು ಅದನ್ನೇ ಚೀಲದ ಮೇಲೆ ಅಚ್ಚು ಹಾಕಿಸುತ್ತಾರೆ. ಇದರಿಂದ ಎರಡು ನಷ್ಟ. ಅದೇ ಚಿತ್ರವನ್ನು ಪಟ್ಟಣದ ಕಾರ್ಖಾನೆ ಸಾವಿರಗಟ್ಟಲೆ ಅಚ್ಚು ಹಾಕಿ ನಿಮಗಿಂತ ಅಗ್ಗವಾಗಿ ಮಾರುತ್ತದೆ. ಅದಕ್ಕಿಂತ ದೊಡ್ಡದು, ಆ ಚಿತ್ರ ಇನ್ನೊಬ್ಬರ ಸ್ವತ್ತಾಗಿರಬಹುದು.

ಕಥೆ ಯಾರದು, ಚಿತ್ರ ಯಾರದು?

ಪಕ್ಕದವರ ಹೊಲದಲ್ಲಿ ಬೆಳೆದ ರಾಗಿಯನ್ನು ನಾವು ಕೊಯ್ದುಕೊಂಡು ಬರುವುದಿಲ್ಲ. ಆದರೆ ಗೋಮಾಳದಲ್ಲಿ ಎಲ್ಲರ ದನವೂ ಮೇಯಬಹುದು. ಕಥೆಗಳ ವಿಷಯದಲ್ಲಿಯೂ ಹೀಗೆಯೇ ಒಂದು ಗಡಿ ಉಂಟು. ಮಹಾಭಾರತದ ಭೀಮ ಗೋಮಾಳದ ಹಾಗೆ, ಎಲ್ಲರವನು. ಗದೆ ಹಿಡಿದ ಭೀಮನನ್ನು ಯಾರು ಬೇಕಾದರೂ ಬರೆಯಬಹುದು. 2008ರಿಂದ ಟಿ.ವಿ.ಯಲ್ಲಿ ಬರುತ್ತಿರುವ ಛೋಟಾ ಭೀಮ ಹಾಗಲ್ಲ. ಆ ಮುಖ, ಆ ಉಡುಗೆ, ಆ ಹೆಸರಿನ ಬರಹ ಅದನ್ನು ನಿರ್ಮಿಸಿದ ಕಂಪನಿಯದು.

1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬರೆದವರ ಹಕ್ಕು ಅವರ ಜೀವಮಾನವಿಡೀ ಇದ್ದು, ತೀರಿಕೊಂಡ ವರ್ಷದ ಮೇಲೆ ಇನ್ನೂ 60 ವರ್ಷ ಉಳಿಯುತ್ತದೆ. ಕುವೆಂಪು ಅವರು 1994ರಲ್ಲಿ ತೀರಿಕೊಂಡರು. ಆದ್ದರಿಂದ ಅವರ ಸಾಲುಗಳನ್ನು ಚೀಲದ ಮೇಲೋ ಲೋಟದ ಮೇಲೋ ಅಚ್ಚು ಹಾಕಿ ಮಾರಬೇಕಾದರೆ 2054ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ಸರ್ವಜ್ಞನಿಗೆ, ಪುರಂದರದಾಸರಿಗೆ ಈ ತೊಡಕಿಲ್ಲ. ರಾಜಾ ರವಿವರ್ಮ 1906ರಲ್ಲಿ ತೀರಿಕೊಂಡವರು. ನಮ್ಮ ದೇವರ ಮನೆಗಳಲ್ಲಿ ತೂಗುವ ಅವರ ಸರಸ್ವತಿಯ ಚಿತ್ರದ ಮೇಲೆ ಈಗ ಯಾರ ಹಕ್ಕೂ ಇಲ್ಲ.

ಒನಕೆ ಓಬವ್ವನ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ಚಿತ್ರದುರ್ಗದ ಕೋಟೆಯ ಕಿಂಡಿಯಲ್ಲಿ ನುಸುಳಿ ಬಂದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದುರುಳಿಸಿದ ಓಬವ್ವ ನಾಡಿಗೆಲ್ಲ ಸೇರಿದವಳು. ಆದರೆ ಓಬವ್ವ ಎಂದೊಡನೆ ಹಲವರ ಕಣ್ಣ ಮುಂದೆ ಬರುವುದು 1972ರ 'ನಾಗರಹಾವು' ಚಿತ್ರದ ಜಯಂತಿಯವರ ರೂಪ. ಸಿನಿಮಾದ ಹಕ್ಕು ಬಿಡುಗಡೆಯ ವರ್ಷದ ಮೇಲೆ 60 ವರ್ಷ, ಅಂದರೆ ಈ ಚಿತ್ರದ್ದು 2032ರ ಕೊನೆಯವರೆಗೆ ಇರುತ್ತದೆ. ಆ ದೃಶ್ಯದ ಫೋಟೋ ತೆಗೆದು ಪಟ ಮಾಡಿ ಮಾರುವಂತಿಲ್ಲ. ಪ್ರಸಿದ್ಧ ನಟರ ಮುಖ, ಹೆಸರುಗಳ ವಿಷಯದಲ್ಲಿ ನ್ಯಾಯಾಲಯಗಳು ಈಗ ಇನ್ನೂ ಬಿಗಿಯಾಗಿವೆ. 2023ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ನಟ ಅನಿಲ್ ಕಪೂರ್ ಅವರ ಹೆಸರು, ಮುಖ, ದನಿಗಳನ್ನು ಒಪ್ಪಿಗೆಯಿಲ್ಲದೆ ವ್ಯಾಪಾರಕ್ಕೆ ಬಳಸಬಾರದೆಂದು ತಡೆಯಾಜ್ಞೆ ಕೊಟ್ಟಿತು.

ತಿಳಿದೂ ನಕಲು ಮಾಡಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಯವರೆಗೆ ದಂಡ ಆಗಬಹುದು. ಪೊಲೀಸರು ಮಾಲನ್ನು ವಶಪಡಿಸಿಕೊಳ್ಳಬಹುದು. ಸಂಘದ ಸಾಲ ತೆಗೆದು ಹೊಲಿಸಿದ ಚೀಲಗಳು ಠಾಣೆಯಲ್ಲಿ ಬಿದ್ದರೆ ಕಂತು ಕಟ್ಟುವವರು ಯಾರು?

ಪುಣ್ಯಕೋಟಿಯನ್ನು ಹೇಗೆ ಬರೆಯಬೇಕು?

ನಮ್ಮಲ್ಲಿ ಗೋವಿನ ಹಾಡನ್ನು ಅರಿಯದವರಿಲ್ಲ. ಅದು ಜನಪದರ ಕಥೆ, ಗೋಮಾಳದ್ದು. ಅದನ್ನೇ ಹಿಡಿದು ಒಂದು ಚಿತ್ರ ರೂಪಿಸುವ ಬಗೆಯನ್ನು ನೋಡೋಣ.

ಇಡೀ ಕಥೆಯನ್ನು ಒಂದು ಚೀಲದ ಮೇಲೆ ತುಂಬಲಾಗದು. ಒಂದೇ ಒಂದು ಗಳಿಗೆಯನ್ನು ಆರಿಸಿಕೊಳ್ಳಿ. ಹಸು ಕರುವಿಗೆ ಕೊನೆಯ ಸಲ ಹಾಲೂಡಿಸುವುದೋ, ಕೊಟ್ಟ ಮಾತಿನಂತೆ ಬಂದು ಹುಲಿಯೆದುರು ನಿಲ್ಲುವುದೋ? ನನ್ನ ಅಭಿಪ್ರಾಯದಲ್ಲಿ ಎರಡನೆಯದೇ ಮೇಲು. ಹಸು ಮತ್ತು ಕರು ಮಾತ್ರ ಇದ್ದರೆ ಅದು ಹಾಲಿನ ಡೈರಿಯ ಫಲಕವೂ ಆಗಬಹುದು. ಹುಲಿಯೆದುರು ಹಸು ತಲೆಯೆತ್ತಿ ಸುಮ್ಮನೆ ನಿಂತಿದ್ದರೆ, ಹೆಸರು ಬರೆಯದಿದ್ದರೂ ಕನ್ನಡದ ಮಗು ಗುರುತಿಸುತ್ತದೆ.

ಹಸುವನ್ನು ಪುಸ್ತಕ ನೋಡಿ ಬರೆಯಬೇಡಿ. ಅಚ್ಚಿನ ಚಿತ್ರಗಳಲ್ಲಿ ಎಷ್ಟೋ ಸಲ ಡುಬ್ಬವಿಲ್ಲದ ಸೀಮೆ ಹಸು ಪುಣ್ಯಕೋಟಿಯಾಗಿ ನಿಂತಿರುತ್ತದೆ! ನಿಮ್ಮ ಕೊಟ್ಟಿಗೆಗೆ ಹೋಗಿ. ಹಳ್ಳಿಕಾರ್ ತಳಿಯ ಕೊಂಬು ಹಿಂದಕ್ಕೆ ಬಾಗಿ ಉದ್ದವಾಗಿ ಏಳುತ್ತದೆ. ಮಲೆನಾಡು ಗಿಡ್ಡದ ಮೈ ಚಿಕ್ಕದು. ಡುಬ್ಬ, ಗಂಗೆದೊಗಲು, ಕೊರಳ ಗಂಟೆ ಕಟ್ಟಿದ ಹಗ್ಗದ ಗಂಟು, ಇವು ನಿಮಗೆ ಗೊತ್ತಿರುವಷ್ಟು ಪಟ್ಟಣದ ಚಿತ್ರಗಾರನಿಗೆ ಗೊತ್ತಿಲ್ಲ. ಹೀಗೆ ಕಂಡು ಬರೆದ ಚಿತ್ರ ತಾನಾಗಿಯೇ ನಿಮ್ಮದಾಗುತ್ತದೆ. ಓಬವ್ವನನ್ನೂ ಹೀಗೆಯೇ ಮಾಡಬಹುದು. ಮುಖವನ್ನೇ ಬರೆಯಬೇಕೆಂದಿಲ್ಲ; ತುದಿಗೆ ಕಬ್ಬಿಣದ ಬಳೆಯಿರುವ ಒಂದು ಒನಕೆ, ಹಿಂದೆ ಬಂಡೆಯ ಕಿಂಡಿ, ಇಷ್ಟಿದ್ದರೆ ಸಾಕು. ಇಂದಿನ ಮಕ್ಕಳು ಒನಕೆಯನ್ನೇ ಕಂಡಿಲ್ಲವೆಂಬುದು ಬೇರೆ ಮಾತು.

ಚಿತ್ರವನ್ನು ದೊಡ್ಡ ಹಾಳೆಯಲ್ಲಿ ಬರೆದು ಹತ್ತು ಹೆಜ್ಜೆ ದೂರದಿಂದ ನೋಡಿ. ಗೆರೆಗಳು ಕಲಸಿ ಹೋದರೆ ಕಡಿಮೆ ಮಾಡಿ. ಆಮೇಲೆ ಕಥೆಯ ಹೆಸರು ಹೇಳದೆ ನಾಲ್ಕಾರು ಮಕ್ಕಳಿಗೆ ತೋರಿಸಿ. ಅವರು ಹುಲಿಯನ್ನು ಬೆಕ್ಕು ಎಂದರೆ ಮತ್ತೆ ಬರೆಯಬೇಕು.

ಯಾವ ವಸ್ತುವಿಗೆ ಯಾವ ರೂಪ?

ಸ್ಕ್ರೀನ್ ಅಚ್ಚಿನಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಚೌಕಟ್ಟು ಬೇಕು. ಆದಕಾರಣ ಮೊದಲ ಚೀಲ ಒಂದೇ ಬಣ್ಣದ್ದಾಗಿರಲಿ. ಕಸೂತಿಯಲ್ಲಿ ನೂಲಿನ ಎಳೆ ಎಣಿಸಿ ಹೊಲಿಯುವುದರಿಂದ ಗೆರೆಗಳು ನೇರವಾಗಿಯೋ ಓರೆಯಾಗಿಯೋ ಇರುತ್ತವೆ. ತೇರು, ಗೋಪುರ, ಆನೆ ಅದಕ್ಕೆ ಒಪ್ಪಿದ್ದು ಇದೇ ಕಾರಣದಿಂದ. ಪುಣ್ಯಕೋಟಿಯ ಕೊಂಬನ್ನೂ ಮೆಟ್ಟಿಲಿನಂತೆ ಮುರಿದು ಹೊಲಿಯಬೇಕಾಗುತ್ತದೆ. ಚನ್ನಪಟ್ಟಣದವರು ಹಾಲೆ ಮರವನ್ನು ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಅಲ್ಲಿ ಎಲ್ಲವೂ ದುಂಡಗೆ ಬರುವುದರಿಂದ ಹಸುವಿನ ಮೈ ಪೀಪಾಯಿಯಂತೆ, ಕಾಲು ಗೂಟದಂತೆ ಆಗುತ್ತದೆ. ಅದೇ ಅದರ ಚೆಂದ.

ಗೊಂಬೆ ಮಾಡುವವರು ಒಂದು ವಿಷಯ ತಿಳಿದಿರಬೇಕು. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ಇದರಿಂದ ವಿನಾಯಿತಿ ಉಂಟು. ಗೊಂಬೆ ಮಾಡುವ ಮೊದಲು ನೋಂದಣಿ ಮಾಡಿಸಿಕೊಳ್ಳಿ. ದೇವರ, ಶರಣರ ಚಿತ್ರಗಳನ್ನು ಕಾಲೊರಸು, ಚಪ್ಪಲಿಗಳ ಮೇಲೆ ಹಾಕಬಾರದೆಂದು ನಿಮಗೆ ಹೇಳಬೇಕಾಗಿಲ್ಲ.

ಬೆಲೆ ಕಟ್ಟುವಾಗ ದುಡಿಮೆಯನ್ನು ಬಿಡಬೇಡಿ. ಉದಾಹರಣೆಗೆ, ಒಂದು ಚೀಲಕ್ಕೆ ಬಟ್ಟೆ 40 ರೂಪಾಯಿ, ಹೊಲಿಗೆ ಕೂಲಿ 20, ಅಚ್ಚಿನ ಕೂಲಿ ಮತ್ತು ಬಣ್ಣ 15 ಎಂದಿಟ್ಟುಕೊಳ್ಳಿ. 600 ರೂಪಾಯಿಯ ಚೌಕಟ್ಟಿನ ಖರ್ಚನ್ನು 50 ಚೀಲಗಳಿಗೆ ಹಂಚಿದರೆ ತಲಾ 12. ಅಲ್ಲಿಗೆ ಅಸಲೇ 87 ರೂಪಾಯಿ. ಅದನ್ನು 80ಕ್ಕೆ ಮಾರಿ 'ಎಲ್ಲ ಖರ್ಚಾಯಿತು' ಎಂದು ಸಂತೋಷಪಟ್ಟರೆ ಮನೆಯ ಹೆಂಗಸರ ಕೂಲಿಯಲ್ಲಿಯೇ ಕೈಬಿಟ್ಟಂತಾಯಿತು. ನಿಮ್ಮ ಊರಿನ ದರ ಹಾಕಿ ಲೆಕ್ಕ ಮಾಡಿ ನೋಡಿ.

ನೀವೇ ಬರೆದ ಚಿತ್ರದ ಹಕ್ಕು ಬರೆದ ಗಳಿಗೆಯಿಂದಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೂ ಮೊದಲ ಕರಡು ಹಾಳೆಗಳನ್ನು ಎಸೆಯಬೇಡಿ. ಬರೆದವರ ಹೆಸರು, ತಾರೀಖು ಹಾಕಿ ಸಂಘದ ಕಡತದಲ್ಲಿಡಿ. ಬರೆದದ್ದು ಶಾಲೆಯ ಹುಡುಗಿಯಾದರೆ ಅವಳಿಗೆ ಪ್ರತಿ ಚೀಲಕ್ಕೆ ಎಷ್ಟು ಕೊಡಬೇಕೆಂಬುದನ್ನು ಅಚ್ಚಿಗೆ ಕೊಡುವ ಮೊದಲೇ ಸಂಘದ ಸಭೆಯಲ್ಲಿ ತೀರ್ಮಾನಿಸಿ ನಡವಳಿ ಪುಸ್ತಕದಲ್ಲಿ ಬರೆದಿಡಿ.