ಭೂತ ಸಿಗಡಿಯನ್ನು ಗುರುತಿಸುವುದು ಹೇಗೆ?



ಒಬ್ಬ ಗ್ರಾಹಕನ ಹಣವನ್ನು ಇನ್ನೊಬ್ಬನ ಖಾತೆಗೆ ಬರೆದರೂ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುತ್ತದೆ ಎಂದು ಅಕೌಂಟೆನ್ಸಿಯಲ್ಲಿ ಓದಿದ್ದೇವೆ. ಮೊತ್ತ ಸರಿಯಾಗಿರುತ್ತದೆ, ತಪ್ಪು ಒಳಗೇ ಉಳಿಯುತ್ತದೆ. ಪ್ರಾಣಿಗಳನ್ನು ಎಣಿಸುವಾಗಲೂ ಹೀಗೆಯೇ ಆಗಬಹುದು. ಅಮೆರಿಕದ ಪಶ್ಚಿಮ ಕರಾವಳಿಯ ಘೋಸ್ಟ್ ಶ್ರಿಂಪ್, ಅಂದರೆ ಭೂತ ಸಿಗಡಿ, ಇದಕ್ಕೆ ಒಳ್ಳೆಯ ಉದಾಹರಣೆ.

ಭೂತ ಸಿಗಡಿ ಮರಳಿನೊಳಗೆ ಬಿಲ ತೋಡಿಕೊಂಡು ಬದುಕುತ್ತದೆ. ಅದರ ಮೈ ಮೆತ್ತಗೆ, ಬಣ್ಣ ತಿಳಿ ಗುಲಾಬಿ. ಅದು ಸದಾ ಅಗೆಯುತ್ತಲೇ ಇರುವುದರಿಂದ ನೆಲ ಸಡಿಲವಾಗಿ, ಮೇಲೆ ಬೆಳೆಸಿದ ಆಯ್ಸ್ಟರ್ ಸಿಂಪಿಗಳು ಹೂತುಹೋಗುತ್ತವೆ. ಆದ್ದರಿಂದ ವಾಷಿಂಗ್ಟನ್ ರಾಜ್ಯದ ವಿಲ್ಲಾಪ ಕೊಲ್ಲಿಯಲ್ಲಿ 1960ರ ದಶಕದಿಂದ ಬಹುಕಾಲ ಕಾರ್ಬರಿಲ್ ಎಂಬ ಕೀಟನಾಶಕ ಸಿಂಪಡಿಸಿದರು. ಅದೇ ಕರಾವಳಿಯಲ್ಲಿ ಕೆಸರು ಸಿಗಡಿಯೂ ಇದೆ. ಅದರ ಕಿವಿರಿನಲ್ಲಿ ಏಷ್ಯಾದಿಂದ ಬಂದ ಒಂದು ಪರಾವಲಂಬಿ ಸೇರಿಕೊಂಡು ರಕ್ತ ಹೀರುತ್ತದೆ. ಇದರಿಂದ ಹಲವು ಕಡೆ ಕೆಸರು ಸಿಗಡಿಯ ಸಂಖ್ಯೆ ಕುಸಿದಿದೆ. ಒಂದು ರೈತರಿಗೆ ಪೀಡೆ, ಇನ್ನೊಂದು ಅಳಿವಿನ ದಾರಿಯಲ್ಲಿದೆ. ಎರಡನ್ನೂ ಒಂದೇ ಖಾತೆಗೆ ಬರೆದರೆ ಈ ಕುಸಿತ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ಹಾಗಾದರೆ ಗುರುತಿಸುವುದು ಹೇಗೆ?

1. ಮುಂಗಾಲು: ಭೂತ ಸಿಗಡಿಯ ಮೊದಲ ಜೋಡಿ ಕಾಲುಗಳಲ್ಲಿ ಇಕ್ಕುಳಗಳಿವೆ. ಒಂದು ಇಕ್ಕುಳ ದೊಡ್ಡದು, ಇನ್ನೊಂದು ಚಿಕ್ಕದು. ದೊಡ್ಡದು ಕೆಲವಕ್ಕೆ ಬಲಕ್ಕೆ, ಕೆಲವಕ್ಕೆ ಎಡಕ್ಕೆ ಇರುತ್ತದೆ. ಕೆಸರು ಸಿಗಡಿಯ ಎರಡು ಮುಂಗಾಲುಗಳೂ ಸಮ.

2. ತಲೆಯ ಮುಂಭಾಗ: ಕೆಸರು ಸಿಗಡಿಯ ಕಣ್ಣುಗಳ ನಡುವೆ ರೋಮವಿರುವ ಚಾಚು ಮುಂದಕ್ಕೆ ಬಂದಿರುತ್ತದೆ. ಭೂತ ಸಿಗಡಿಯಲ್ಲಿ ಈ ಚಾಚು ತೀರಾ ಚಿಕ್ಕದು.

ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. ಆದರೆ ಭೂತ ಸಿಗಡಿಯಲ್ಲೇ ಅಲ್ಲಿ ಒಂದಕ್ಕಿಂತ ಹೆಚ್ಚು ಪ್ರಭೇದಗಳಿವೆ. ಮುಖ್ಯವಾದವು ನಿಯೋಟ್ರೈಪಿಯಾ ಕ್ಯಾಲಿಫೋರ್ನಿಯೆನ್ಸಿಸ್ ಮತ್ತು ನಿಯೋಟ್ರೈಪಿಯಾ ಗೀಗಾಸ್. ಗೀಗಾಸ್ ಎಂದರೆ ದೈತ್ಯ. ಹೆಸರು ನೋಡಿ ಗಾತ್ರದಿಂದಲೇ ಗುರುತಿಸಬಹುದು ಎಂದುಕೊಳ್ಳಬೇಡಿ. ಎಳೆಯ ಗೀಗಾಸ್ ಬೆಳೆದ ಕ್ಯಾಲಿಫೋರ್ನಿಯೆನ್ಸಿಸ್‌ನಷ್ಟೇ ಇರಬಹುದು.

3. ಗಂಡಿನ ದೊಡ್ಡ ಇಕ್ಕುಳ: ಬೆಳೆದ ಕ್ಯಾಲಿಫೋರ್ನಿಯೆನ್ಸಿಸ್ ಗಂಡಿನ ಇಕ್ಕುಳ ಮುಚ್ಚಿದಾಗಲೂ ಎರಡು ಬೆರಳುಗಳ ನಡುವೆ ಅಗಲವಾದ ಸಂದು ಉಳಿಯುತ್ತದೆ. ಗೀಗಾಸ್‌ನ ಇಕ್ಕುಳ ನೀಳವಾಗಿದ್ದು, ಅಂಥ ದೊಡ್ಡ ಸಂದು ಇರುವುದಿಲ್ಲ.

4. ಕಣ್ಣಿನ ತೊಟ್ಟು: ಹೆಣ್ಣು ಮತ್ತು ಮರಿಗಳ ಇಕ್ಕುಳ ಅಷ್ಟು ಬೆಳೆದಿರುವುದಿಲ್ಲ. ಆದ್ದರಿಂದ ಮೂರನೆಯ ಗುರುತು ಅವಕ್ಕೆ ಸಾಲದು. ಆಗ ಭೂತಗನ್ನಡಿ ಹಿಡಿದು ಕಣ್ಣಿನ ತೊಟ್ಟಿನ ತುದಿ ನೋಡಬೇಕು. ಗೀಗಾಸ್‌ನಲ್ಲಿ ಅದು ಹೆಚ್ಚು ಉದ್ದ ಮತ್ತು ಚೂಪು. ಅನುಮಾನ ಉಳಿದರೆ ಡಿಎನ್‌ಎ ಪರೀಕ್ಷೆಯೇ ಗತಿ.

ಬಣ್ಣವನ್ನು ನಾನು ಗುರುತುಗಳ ಪಟ್ಟಿಗೆ ಸೇರಿಸಿಲ್ಲ, ಗಮನಿಸಿ. ಮಾದರಿಯನ್ನು ಆಲ್ಕೋಹಾಲಿನಲ್ಲಿಟ್ಟರೆ ಬಣ್ಣ ಹೋಗುತ್ತದೆ, ಅಂಗಗಳ ಆಕಾರ ಉಳಿಯುತ್ತದೆ. ಅಮೆರಿಕದ ಜೇಮ್ಸ್ ಡ್ವೈಟ್ ಡಾನಾ 1850ರ ದಶಕದಲ್ಲೇ ಈ ಮೂರು ಪ್ರಭೇದಗಳನ್ನು ಬೇರೆ ಬೇರೆಯಾಗಿ ವಿವರಿಸಿದ್ದು ಆಕಾರ ನೋಡಿಯೇ.

ಕೊನೆಗೆ ಒಂದು ಮಾತು. ಒಂದೇ ಗುರುತನ್ನು ನಂಬಿ ಹೆಸರು ಬರೆಯಬಾರದು. ಎರಡು ಮೂರು ಗುರುತುಗಳು ಹೊಂದಿದ ಮೇಲೆ ಬರೆಯಬೇಕು. ವೋಚರ್ ನೋಡದೆ ಲೆಡ್ಜರ್ ಬರೆಯುವುದಿಲ್ಲವಲ್ಲ, ಹಾಗೆ. ಲೆಡ್ಜರಿನ ತಪ್ಪನ್ನು ಮುಂದಿನ ತಿಂಗಳು ತಿದ್ದಬಹುದು. ಅಳಿದುಹೋದ ಜೀವಿಗೆ ತಿದ್ದುಪಡಿ ನಮೂದು ಇಲ್ಲ.