ಕ್ಲಾಟ್ ಪರೀಕ್ಷೆಯ ಸ್ವರೂಪ: ಪಾಲಕರು ತಿಳಿದಿರಬೇಕಾದ ಸಂಗತಿಗಳು



ಆಲಮಟ್ಟಿ ಹಿನ್ನೀರಿನ ಮುಳುಗಡೆ ಪರಿಹಾರ, ಹೊಲದ ಬದುವಿನ ತಕರಾರು, ಅಣ್ಣತಮ್ಮಂದಿರ ಹಿಸ್ಸೆ: ಇಂಥ ಯಾವುದಾದರೊಂದು ಕಾರಣಕ್ಕೆ ಕೋರ್ಟಿನ ಮೆಟ್ಟಿಲು ಹತ್ತಿದ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ. ಆದರೂ ಮಗಳು ‘ವಕೀಲೆ ಆಗುತ್ತೇನೆ’ ಎಂದರೆ ದಾರಿ ಹೇಳುವವರು ಸಿಗುವುದಿಲ್ಲ. ನೀಟ್ ಗೊತ್ತು, ಸಿಇಟಿ ಗೊತ್ತು, ಕ್ಲಾಟ್ ಗೊತ್ತಿಲ್ಲ. ಅದಕ್ಕಾಗಿ ಈ ಲೇಖನ.

ಕ್ಲಾಟ್ ಎಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಸಾಮಾನ್ಯ ಪ್ರವೇಶ ಪರೀಕ್ಷೆ. 2008ರಲ್ಲಿ ಆರಂಭವಾಯಿತು. ಈಗ ದೇಶದ 20ಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳು ಇದರ ಮೂಲಕ ಐದು ವರ್ಷದ ಕಾನೂನು ಪದವಿಗೆ ಸೀಟು ಕೊಡುತ್ತವೆ. ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್ ಅವುಗಳಲ್ಲಿ ಮೊದಲನೆಯದು. ಪಿಯುಸಿಯಲ್ಲಿ ಕಲಾ, ವಾಣಿಜ್ಯ, ವಿಜ್ಞಾನ ಯಾವ ವಿಭಾಗವಾದರೂ ನಡೆಯುತ್ತದೆ. ಶೇ. 45 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40 ಸಾಕು. ಗರಿಷ್ಠ ವಯಸ್ಸಿನ ಮಿತಿಯಿಲ್ಲ.

ಮೊದಲು ನೆನಪಿಡಬೇಕಾದದ್ದು ತಿಂಗಳು. ಈಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರ್ ಮೊದಲ ವಾರದಲ್ಲೇ ನಡೆಯುತ್ತಿದೆ. ಅಂದರೆ ಮಗು ಇನ್ನೂ ದ್ವಿತೀಯ ಪಿಯುಸಿ ಓದುತ್ತಿರುವಾಗಲೇ ಬರೆಯಬೇಕು, ಅರ್ಜಿ ಅದಕ್ಕೂ ಮೊದಲೇ ಹಾಕಿರಬೇಕು. ‘ರಿಸಲ್ಟ್ ಬರಲಿ, ಆಮೇಲೆ ನೋಡೋಣ’ ಎಂದವರಿಗೆ ಒಂದು ವರ್ಷ ಹೋಗುತ್ತದೆ.

ಪರೀಕ್ಷೆಯ ರೂಪ ಹೀಗಿದೆ. 120 ಪ್ರಶ್ನೆ, 120 ನಿಮಿಷ, 120 ಅಂಕ. ಎಲ್ಲವೂ ಇಂಗ್ಲಿಷಿನಲ್ಲಿ. ಒಎಂಆರ್ ಹಾಳೆಯ ಮೇಲೆ ಪೆನ್ನಿನಿಂದ ಗುರುತು ಮಾಡಬೇಕು.

ಇಂಗ್ಲಿಷ್ ಭಾಷೆ: 22ರಿಂದ 26 ಪ್ರಶ್ನೆ
ಪ್ರಚಲಿತ ವಿದ್ಯಮಾನ, ಸಾಮಾನ್ಯ ಜ್ಞಾನ: 28ರಿಂದ 32
ಕಾನೂನು ತರ್ಕ: 28ರಿಂದ 32
ತಾರ್ಕಿಕ ಚಿಂತನೆ: 22ರಿಂದ 26
ಗಣಿತ: 10ರಿಂದ 14, ಹತ್ತನೇ ತರಗತಿಯ ಮಟ್ಟದ್ದು

ಗಣಿತ ಬಿಟ್ಟು ಉಳಿದ ನಾಲ್ಕೂ ವಿಭಾಗಗಳಲ್ಲಿ ಬಿಡಿ ಪ್ರಶ್ನೆಗಳಿಲ್ಲ. ಸುಮಾರು 450 ಪದಗಳ ಒಂದು ಗದ್ಯಭಾಗ, ಅದರ ಕೆಳಗೆ ನಾಲ್ಕಾರು ಪ್ರಶ್ನೆ. ಈ ಪದ್ಧತಿ 2020ರಿಂದ ಬಂದದ್ದು. ಅದಕ್ಕಿಂತ ಹಳೆಯ ಗೈಡುಗಳನ್ನು ಕೊಳ್ಳಬೇಡಿ. ಹಿಂದಿನ ಪ್ರಶ್ನೆಪತ್ರಿಕೆಗಳು ವಿಶ್ವವಿದ್ಯಾಲಯಗಳ ಒಕ್ಕೂಟದ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ.

‘ಕಾನೂನು ತರ್ಕ’ ಎಂಬ ಹೆಸರು ಕೇಳಿ ಮಕ್ಕಳು ಅಂಜುತ್ತಾರೆ. ಕಾನೂನು ಮೊದಲೇ ಕಲಿತಿರಬೇಕಿಲ್ಲ. ಬೇಕಾದ ನಿಯಮ ಗದ್ಯದಲ್ಲೇ ಇರುತ್ತದೆ. ಒಂದು ಉದಾಹರಣೆ ನೋಡಿ. ಗದ್ಯದಲ್ಲಿ ‘18 ವರ್ಷ ತುಂಬದವರು ಮಾಡಿಕೊಂಡ ಕರಾರು ಅಸಿಂಧು, ಅದರ ಆಧಾರದ ಮೇಲೆ ಹಣ ವಸೂಲಿ ಮಾಡಲಾಗದು’ ಎಂದಿದೆ ಎನ್ನೋಣ. ಪ್ರಶ್ನೆ: ಇಳಕಲ್ಲಿನ 17 ವರ್ಷದ ಹುಡುಗ ಮಗ್ಗಕ್ಕೆಂದು 20,000 ರೂಪಾಯಿ ಸಾಲ ಪಡೆದು ಕಾಗದಕ್ಕೆ ಸಹಿ ಹಾಕಿದ್ದಾನೆ. ಆ ಕರಾರಿನ ಮೇಲೆ ಸಾಲಗಾರನಿಂದ ಹಣ ವಸೂಲಿ ಆಗುತ್ತದೆಯೇ? ‘ತಗೊಂಡ ಸಾಲ ತೀರಿಸಬೇಕು’ ಎನ್ನುತ್ತದೆ ನಮ್ಮ ಮನಸ್ಸು. ಕೊಟ್ಟ ನಿಯಮದ ಪ್ರಕಾರ ಉತ್ತರ: ಆಗುವುದಿಲ್ಲ. ತನ್ನ ಅಭಿಪ್ರಾಯ ಬದಿಗಿಟ್ಟು, ಓದಿದ್ದರಿಂದಲೇ ಉತ್ತರ ತೆಗೆಯುವ ಶಿಸ್ತನ್ನು ಇಲ್ಲಿ ಪರೀಕ್ಷಿಸುತ್ತಾರೆ.

ತಪ್ಪು ಉತ್ತರಕ್ಕೆ 0.25 ಅಂಕ ಕಡಿತವಿದೆ. ಲೆಕ್ಕ ಹಾಕಿ. ಒಬ್ಬಳು 90 ಪ್ರಶ್ನೆ ಬರೆದಳು, 75 ಸರಿ, 15 ತಪ್ಪು, ಅಂಕ 71.25. ಇನ್ನೊಬ್ಬ 120ನ್ನೂ ಬರೆದ. ಕೊನೆಯ 30ನ್ನು ಓದದೆ ಊಹಿಸಿದ, ಅದರಲ್ಲಿ 6 ಸರಿ. ಒಟ್ಟು 81 ಸರಿ, 39 ತಪ್ಪು. ಅಂಕ ಅದೇ 71.25. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ತಪ್ಪೆಂದು ತಿಳಿದಾಗ ಗುರುತು ಮಾಡಲಿ. ಓದದ ಗದ್ಯದ ಮೇಲೆ ಊಹೆಗೆ ಕುಳಿತರೆ ಲಾಭ ಇಲ್ಲದಷ್ಟೇ.

ಹೀಗೆ ನೋಡಿದರೆ ಇದು ಎರಡು ತಾಸು ಬೇಸರವಿಲ್ಲದೆ ಇಂಗ್ಲಿಷ್ ಓದಿ ಅರ್ಥ ಮಾಡಿಕೊಳ್ಳುವ ಪರೀಕ್ಷೆ. ಕನ್ನಡ, ಉರ್ದು ಮಾಧ್ಯಮದ ನಮ್ಮ ಮಕ್ಕಳು ಎಡವುವುದೂ ಅಲ್ಲಿಯೇ. ಪಿಯುಸಿಯ ಕೊನೆಯ ಆರು ತಿಂಗಳ ಕೋಚಿಂಗ್ ಇದನ್ನು ತುಂಬಿಕೊಡದು. ಎಂಟನೇ ತರಗತಿಯಿಂದಲೇ ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಲೇಖನ ಓದಿಸಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಪರೀಕ್ಷಿಸಬಹುದು. ರೊಟ್ಟಿ ಬಡಿಯುತ್ತಲೇ ಕೇಳಿ: ‘ಬರದಾವ್ರು ಏನ್ ಹೇಳ್ಯಾರ? ಯಾಕ ಹಂಗ ಹೇಳ್ಯಾರ?’ ಮಗು ಕನ್ನಡದಲ್ಲೋ ಉರ್ದುವಿನಲ್ಲೋ ತಡವರಿಸದೆ ಹೇಳಿದರೆ ಓದಿದ್ದು ತಲೆಗೆ ಹೋಗಿದೆ ಎಂದರ್ಥ.

ಇನ್ನೆರಡು ಮಾತು ಪಾಲಕರಿಗೆ. ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಸೀಟುಗಳ ಮೀಸಲಾತಿ ಇದೆ. ಅದಕ್ಕೆ ರಾಜ್ಯದಲ್ಲಿ 10 ವರ್ಷ ಓದಿರಬೇಕು. ಓದಿದ ಪ್ರತಿ ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಈಗಲೇ ಪಡೆದಿಡಿ. ಅದೇ ಶಾಲೆಯಲ್ಲಿ ಓದಿದ ಪ್ರಾಧ್ಯಾಪಕ ಶಮ್ನಾದ್ ಬಶೀರ್ ಅವರು 2010ರಲ್ಲಿ ‘ಐಡಿಯಾ’ ಎಂಬ ಸಂಸ್ಥೆ ಕಟ್ಟಿದರು. ಬಡ ಮನೆಯ ಮಕ್ಕಳನ್ನು ಆರಿಸಿ ಈ ಪರೀಕ್ಷೆಗೆ ತರಬೇತಿ ಕೊಡುವುದು ಅದರ ಕೆಲಸ. ಬಶೀರ್ 2019ರಲ್ಲಿ ತೀರಿಕೊಂಡರು. ಸಂಸ್ಥೆ ನಡೆಯುತ್ತಿದೆ, ವಿಚಾರಿಸಿ.

ಕ್ಲಾಟ್‌ನಲ್ಲಿ ರ‍್ಯಾಂಕ್ ಬರದಿದ್ದರೆ ವಕೀಲಿಕೆ ಮುಗಿಯಲಿಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳಿಗೆ ಕ್ಲಾಟ್ ಬೇಕಿಲ್ಲ. ಬಾಗಲಕೋಟೆಯಲ್ಲೇ ಎಸ್.ಸಿ. ನಂದಿಮಠ ಕಾನೂನು ಕಾಲೇಜು ಇದೆ. ಸನದು ಎರಡೂ ಕಡೆಯವರಿಗೆ ಒಂದೇ.

ದಾನಿಗಳಲ್ಲಿ ಒಂದು ವಿನಂತಿ. ಕ್ಲಾಟ್ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ 3,500. ಕೂಲಿ ಮನೆಗೆ ಅದು ದೊಡ್ಡ ಮೊತ್ತ. ಕಾಲೇಜು ಸೇರಿದ ಮೇಲೆ ಕೊಡುವ ನೆರವಿನ ಜೊತೆಗೆ ಈ ಶುಲ್ಕಕ್ಕೂ, ಓದುವ ಕೋಣೆಗೆ ಒಂದು ಇಂಗ್ಲಿಷ್ ಪತ್ರಿಕೆಗೂ ನೆರವಾಗಿ. ನೀವು ಕೊಟ್ಟ ಹಣ ನಮ್ಮ ಕೈಯಲ್ಲಿ ಅಮಾನತ್. ಬಾಗಿಲ ತನಕವೇ ಬರಲಾಗದ ಮಗುವಿಗೆ ಒಳಗಿನ ವಿದ್ಯಾರ್ಥಿವೇತನ ತಲುಪುವುದಾದರೂ ಹೇಗೆ?